ಹೆಬ್ಬೆಟ್ಟಿನ ಪ್ರಸಂಗ

ಪರೀಕ್ಷೆ ಮುಗಿದಿತ್ತು, ಕಾಲೇಜು ಶುರುವಾಗಿರಲಿಲ್ಲ. ಓದು ಅಂತ ಬೈಯೋಕೆ ಮನೆಯಲ್ಲಿ ಯಾರಿಗೂ ನೆಪ ಸಿಗದ ಬೇಸಿಗೆ ಅದು. ಇಂಥ ಹೊತ್ತಲ್ಲೇ ನಮ್ಮ ಹೀರೋಗೆ ಪ್ರೀತಿಯಾಯಿತು. ನಿಜವಾದ ಹೆಸರು ಬೇಡ, ಅವನ ಅಕ್ಕನೂ ಇದನ್ನು ಓದುತ್ತಾಳೆ.

ಹುಡುಗಿ ನಮ್ಮ ಕ್ಲಾಸಿನವಳೇ. ಎರಡು ವರ್ಷ ಇವನ ಮುಂದಿನ ಬೆಂಚಲ್ಲಿ ಕೂತಿದ್ದಳು. ಅಷ್ಟೂ ದಿನದಲ್ಲಿ ಇವನು ಅವಳ ಹತ್ತಿರ ಆಡಿದ್ದು ಒಂದೇ ಮಾತು: "ಸ್ವಲ್ಪ ಜರುಗ್ತೀಯಾ, ಬೋರ್ಡ್ ಕಾಣಿಸ್ತಿಲ್ಲ."

"ಈಗ್ಯಾಕೋ ಪ್ರೀತಿ?" ಅಂದಳು ವಕೀಲೆ. ಅವಳಿನ್ನೂ ಲಾ ಕಾಲೇಜಿಗೆ ಸೇರಿಲ್ಲ, ಬಾಯಿ ಮಾತ್ರ ಆಗಲೇ ಪಾಸಾಗಿದೆ.

"ಇನ್ಮೇಲೆ ದಿನಾ ಕಾಣ್ಸಲ್ಲ ಅಲ್ವಾ..."

"ಅವಳು ಎದುರಿಗಿದ್ದಾಗ ಬೋರ್ಡ್ ಬೇಕಿತ್ತು. ಈಗ ಬೋರ್ಡ್ ಹೋಯ್ತು, ಅವಳು ಬೇಕು. ಸರಿ, ಮೆಸೇಜ್ ಹಾಕು."

ನಾಲ್ಕೂ ಜನ ಮೆಟ್ಟಿಲ ಮೇಲೆ ಕೂತು ಎರಡು ಗಂಟೆ ಕರಡು ತಿದ್ದಿದೆವು. ಮೊದಲನೆಯದರಲ್ಲಿ ಚಂದ್ರ ಬಂದಿದ್ದ, ವಕೀಲೆ ಓಡಿಸಿದಳು. ಎರಡನೆಯದರಲ್ಲಿ 'ಹೇಗಿದ್ದೀಯಾ' ಇತ್ತು. "ಚೆನ್ನಾಗಿದ್ದೀನಿ ಅಂದ್ರೆ ಆಮೇಲೇನು ಹೇಳ್ತೀಯ?" ಅಂತ ನಾನು ಕೇಳಿದೆ. ಅವನು ಪಿಳಿಪಿಳಿ ಕಣ್ಣು ಬಿಟ್ಟ. ಕೊನೆಗೆ ಉಳಿದದ್ದು 'ಹಾಯ್'. ಅದರ ಮುಂದೆ ಚುಕ್ಕಿ ಇಡಬೇಕೋ ಬೇಡವೋ ಅನ್ನುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಚುಕ್ಕಿ ಇಟ್ಟರೆ ಸಿಟ್ಟಾದ ಹಾಗೆ ಕಾಣುತ್ತಂತೆ.

ಕಳಿಸಿದ. ಟಿಕ್ ನೀಲಿಯಾಯಿತು. ವಾಟ್ಸಾಪ್‌ನವರು ಈ ನೀಲಿ ಟಿಕ್ ತಂದದ್ದು 2014ರಲ್ಲಿ. ಅದಕ್ಕೆ ಮುಂಚೆ ಪ್ರೀತಿಸಿದವರು ಪುಣ್ಯವಂತರು, 'ಇನ್ನೂ ನೋಡಿಲ್ಲವೇನೋ' ಅಂದುಕೊಂಡು ನಿದ್ದೆಯಾದರೂ ಮಾಡಬಹುದಿತ್ತು.

'ಟೈಪಿಂಗ್' ಅಂತ ಬಂತು. ಹೋಯಿತು. ಮತ್ತೆ ಬಂತು. ಹೀರೋ ನನ್ನ ಮಂಡಿಯನ್ನು ಒದ್ದೆ ಬಟ್ಟೆ ಥರ ಹಿಂಡುತ್ತಿದ್ದ. ಉತ್ತರ ಬಂದೇಬಿಟ್ಟಿತು. ಒಂದು ಹೆಬ್ಬೆಟ್ಟು. ಅಷ್ಟೇ.

"ಓಕೆ ಅಂದ್ಲು!" ಹೀರೋ ಎದ್ದು ನಿಂತ.

"ಸಾಕು, ಹೊರಡು ಅಂದ್ಲು," ವಕೀಲೆ ಕೂರಿಸಿದಳು.

"ಹೆಬ್ಬೆಟ್ಟು ಒತ್ತಿದಾಳೆ ಕಣೋ. ಪತ್ರ ರಿಜಿಸ್ಟರ್ ಆದ ಹಾಗೇ," ಅಂದೆ ನಾನು.

"ಏಕಲವ್ಯನೂ ಹೆಬ್ಬೆಟ್ಟು ಕೊಟ್ಟ. ಆಮೇಲೆ ಏನಾಯ್ತು ಗೊತ್ತಲ್ಲ?"

ಇಷ್ಟು ಹೊತ್ತು ಸುಮ್ನಿದ್ದ ಲೆಕ್ಕ ಗಂಟಲು ಸರಿಮಾಡಿಕೊಂಡ. ಅವನು ಬಾಯಿ ಬಿಟ್ಟರೆ ಅಂಕಿ ಉದುರುತ್ತದೆ, ಅದಕ್ಕೇ ಆ ಹೆಸರು. "ಜೆಫ್ರಿ ಹಾಲ್ ಅಂತ ಅಮೆರಿಕದ ಪ್ರೊಫೆಸರು 2018ರಲ್ಲಿ ಹೇಳಿದಾರೆ. ಆಪ್ತ ಸ್ನೇಹ ಆಗೋಕೆ 200 ಗಂಟೆಗೂ ಜಾಸ್ತಿ ಒಟ್ಟಿಗೆ ಕಳೀಬೇಕು. ನಿಂದು ಸದ್ಯಕ್ಕೆ ಒಂದು ಹಾಯ್."

"ಎರಡು ವರ್ಷ ಕ್ಲಾಸಲ್ಲಿ ಕೂತಿದ್ದು?"

"ಬರೀ ಒಂದೇ ಕಡೆ ಕೆಲಸ ಮಾಡಿದ ಗಂಟೆಗೆ ಅಷ್ಟು ಬೆಲೆ ಇಲ್ವಂತೆ. ಆಟ, ಹರಟೆಗೇ ಬೆಲೆ. ಇನ್ನೊಂದು ಕೇಳು. ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ 2010ರಲ್ಲಿ ಹೇಳಿದ್ದು. ಮನೆಯವರೂ ಸೇರಿ ನಮಗೆ ತೀರಾ ಹತ್ತಿರದವರು ಸುಮಾರು ಐದು ಜನ. ಪ್ರೀತಿಗೆ ಬಿದ್ರೆ ಅದರಲ್ಲಿ ಇಬ್ಬರು ಜಾರಿಹೋಗ್ತಾರೆ. ಹೊಸಬರಿಗೇ ಟೈಮೆಲ್ಲ ಖರ್ಚಾಗುತ್ತಲ್ಲ."

ನಾವು ಹೀರೋನ ಐದನ್ನು ಎಣಿಸಿದೆವು. ಅಮ್ಮ, ಅಕ್ಕ, ನಾವು ಮೂವರು. ಅಮ್ಮನನ್ನು ಬಿಡೋಕಾಗಲ್ಲ, ಫೋನಿಗೆ ರೀಚಾರ್ಜ್ ಅವರದೇ. ಅಕ್ಕನನ್ನು ಬಿಟ್ಟರೆ ಸಂಜೆಯೊಳಗೆ ವಿಷಯ ಅಪ್ಪನ ಕಿವಿಗೆ.

"ಹಾಗಾದ್ರೆ ನಮ್ಮಲ್ಲೇ ಇಬ್ಬರು," ಅಂದ ಲೆಕ್ಕ.

"ಚಂದ್ರನ್ನ ತೆಗ್ಸಿದ್ದು ನಾನು!"

"ಚುಕ್ಕಿ ಬೇಡ ಅಂದಿದ್ದು ನಾನು!"

"ಮಂಡಿ ನಂದು!"

ಜಗಳ ಒಂದು ಸುತ್ತು ಮುಗಿಯಿತು. ಆಮೇಲೆ ವಕೀಲೆ ಮೆಲ್ಲಗೆ, "ಪ್ರೀತಿ ಆಗದಿದ್ರೂ ಮುಂದಿನ ತಿಂಗಳು ನಾನೂ ಲೆಕ್ಕನೂ ಬೇರೆ ಊರಿಗೆ ಹೋಗ್ತೀವಲ್ಲ," ಅಂದಳು. ಯಾರೂ ಮಾತಾಡಲಿಲ್ಲ. ಲೆಕ್ಕನ ಹತ್ತಿರವೂ ಅಂಕಿ ಇರಲಿಲ್ಲ.

ಫೋನ್ ಗುಂಯ್ ಅಂದಿತು. ನಾಲ್ಕು ತಲೆ ಒಟ್ಟಿಗೆ ಬಗ್ಗಿದವು.

'ಈಗ ಬೋರ್ಡ್ ಕಾಣಿಸ್ತಾ?'

ಹೀರೋ ಮುಖ ಕೆಂಪಗಾಯಿತು. ಮುಂದೇನು ಬರೆಯಬೇಕು ಅಂತ ನಾವು ಆಗಲೇ ಶುರು ಹಚ್ಚಿಕೊಂಡೆವು. ಅವನು ಎದ್ದ. ನಾಲ್ಕು ಮೆಟ್ಟಿಲು ಕೆಳಗಿಳಿದು, ನಮಗೆ ಬೆನ್ನು ಹಾಕಿ ಕೂತು, ಒಬ್ಬನೇ ಟೈಪ್ ಮಾಡತೊಡಗಿದ.

"ಇಬ್ಬರಲ್ಲ," ಅಂದ ಲೆಕ್ಕ. "ಮೂವರು."