4 ಡೈಮೆನ್ಷನ್‌ನಲ್ಲಿ ಫ್ಲಾಟ್ ಟೋರಸ್: ಆ ಪ್ರೂಫ್ ಎಲ್ಲಿ ಕೈ ಕೊಡುತ್ತೆ?

ಪ್ರಶ್ನೆ (ಎಮ್ಮೆಸ್ಸಿ_ವಿದ್ಯಾರ್ಥಿ):
ಎಲ್ಲರಿಗೂ ನಮಸ್ಕಾರ. 3 ಡೈಮೆನ್ಷನ್‌ನಲ್ಲಿ ಕಾಂಪ್ಯಾಕ್ಟ್ ಆಗಿರೋ (ಅಂಚಿಲ್ಲದೆ ಮುಚ್ಚಿಕೊಂಡು ಒಂದು ಮಿತಿಯೊಳಗಿರೋ) ಯಾವ ಸ್ಮೂತ್ ಮೇಲ್ಮೈ ತಗೊಂಡ್ರೂ ಗಾಸಿಯನ್ ಕರ್ವೇಚರ್ (ಎರಡು ಮುಖ್ಯ ದಿಕ್ಕುಗಳ ಬಾಗುಗಳ ಗುಣಲಬ್ಧ) ಪಾಸಿಟಿವ್ ಇರೋ ಒಂದು ಬಿಂದು ಇದ್ದೇ ಇರುತ್ತೆ ಅಂತ ಪ್ರೂಫ್ ಓದಿದೆ, ಮೂಲಬಿಂದುವಿಂದ ಅತಿ ದೂರದ ಬಿಂದುವಲ್ಲಿ ಮೇಲ್ಮೈ ಒಂದು ಗೋಳಕ್ಕೆ ಒಳಗಡೆಯಿಂದ ತಾಗಿರುತ್ತೆ, ಹಾಗಾಗಿ ಗೋಳಕ್ಕಿಂತ ಕಮ್ಮಿ ಬಾಗೋಕಾಗಲ್ಲ. ಅಲ್ಲಿವರೆಗೆ ಸರಿ. ಆದ್ರೆ (ಕಾಸ್ ಯು, ಸೈನ್ ಯು, ಕಾಸ್ ವಿ, ಸೈನ್ ವಿ) ಅನ್ನೋ ಟೋರಸ್‌ಗೆ (ಉದ್ದಿನವಡೆ ಆಕಾರದ ಮೇಲ್ಮೈ) 4 ಡೈಮೆನ್ಷನ್‌ನಲ್ಲಿ ಎಲ್ಲಾ ಕಡೆ ಕರ್ವೇಚರ್ ಸೊನ್ನೆ ಅಂತಾರೆ. ಅದೂ ಕಾಂಪ್ಯಾಕ್ಟೇ, ಅದಕ್ಕೂ ಅತಿ ದೂರದ ಬಿಂದು ಇರ್ಬೇಕಲ್ವಾ?

ಲಂಬರೇಖೆ:
ತುಂಬಾ ಒಳ್ಳೆ ಪ್ರಶ್ನೆ. ಈ ಟೋರಸ್‌ನ ಪ್ರತಿ ಬಿಂದುನೂ ಮೂಲದಿಂದ ರೂಟ್ 2 ದೂರದಲ್ಲೇ ಇದೆ, ಅಂದ್ರೆ ಎಲ್ಲವೂ ಅತಿ ದೂರದ ಬಿಂದುಗಳೇ, ಗೋಳದಷ್ಟು ಬಾಗಿರೋದೂ ನಿಜ. ವ್ಯತ್ಯಾಸ ಇರೋದು ನಾರ್ಮಲ್‌ನಲ್ಲಿ, ಅಂದ್ರೆ ಮೇಲ್ಮೈಗೆ ಲಂಬವಾದ ದಿಕ್ಕಲ್ಲಿ. 3ರಲ್ಲಿ ನಾರ್ಮಲ್ ದಿಕ್ಕು ಒಂದೇ, 4ರಲ್ಲಿ ಎರಡು, ಗಾಸ್ ಸಮೀಕರಣದ ಪ್ರಕಾರ ಪ್ರತಿ ನಾರ್ಮಲ್‌ಗೂ ಸೆಕೆಂಡ್ ಫಂಡಮೆಂಟಲ್ ಫಾರ್ಮ್‌ನ (ಆ ನಾರ್ಮಲ್ ಕಡೆಗೆ ಮೇಲ್ಮೈ ಎಷ್ಟು ಬಾಗಿದೆ ಅಂತ ಹೇಳೋ ಮ್ಯಾಟ್ರಿಕ್ಸ್) ಡಿಟರ್ಮಿನೆಂಟ್ ತೆಗೆದು ಎರಡನ್ನೂ ಕೂಡಿಸ್ಬೇಕು.

ಲೆಕ್ಕ ಹಾಕಿ ನೋಡಿ. ಮೂಲದ ಕಡೆ ನೋಡೋ ನಾರ್ಮಲ್‌ಗೆ ಯು ದಿಕ್ಕಲ್ಲಿ 1/ರೂಟ್ 2, ವಿ ದಿಕ್ಕಲ್ಲೂ ಅಷ್ಟೇ, ಗುಣಿಸಿದ್ರೆ 1/2. ನಿಮ್ಮ ಪ್ರೂಫ್ ಹೇಳೋ ಪಾಸಿಟಿವ್ ಇದೇ. ಈಗ ಇನ್ನೊಂದು ನಾರ್ಮಲ್, (ಕಾಸ್ ಯು, ಸೈನ್ ಯು, −ಕಾಸ್ ವಿ, −ಸೈನ್ ವಿ)ನ ರೂಟ್ 2ರಿಂದ ಭಾಗಿಸಿದ್ದು: ಇದಕ್ಕೆ ಯು ದಿಕ್ಕಲ್ಲಿ −1/ರೂಟ್ 2, ವಿ ದಿಕ್ಕಲ್ಲಿ +1/ರೂಟ್ 2, ಗುಣಲಬ್ಧ −1/2. ಕೂಡಿಸಿದ್ರೆ ಸೊನ್ನೆ. ಒಂದು ಕಡೆ ಗೋಳದ ಹಾಗೆ, ಇನ್ನೊಂದು ಕಡೆ ಕುದುರೆ ಜೀನಿನ ಹಾಗೆ ಬಾಗಿದೆ. ಪ್ರೂಫ್ ಮೊದಲನೇ ದಿಕ್ಕನ್ನ ಮಾತ್ರ ಹಿಡಿದಿಡುತ್ತೆ, ಎರಡನೇದರ ಮೇಲೆ ಅದಕ್ಕೆ ಯಾವ ಹಿಡಿತಾನೂ ಇಲ್ಲ.

ಎಮ್ಮೆಸ್ಸಿ_ವಿದ್ಯಾರ್ಥಿ:
ಈಗ ಸ್ಪಷ್ಟ ಆಯ್ತು, ಥ್ಯಾಂಕ್ಸ್ ಸರ್! ಹಾಗಾದ್ರೆ ಫ್ಲಾಟ್ ಟೋರಸ್‌ನ ಅಳತೆ ಕೆಡಿಸದೆ 3 ಡೈಮೆನ್ಷನ್‌ಗೆ ತರೋಕೆ ಆಗೋದೇ ಇಲ್ವಾ?

ಸುರುಳಿ:
ಸ್ಮೂತ್ ಆಗಿ ಇರ್ಬೇಕು ಅಂದ್ರೆ ಆಗಲ್ಲ. ಆದ್ರೆ ಒಂದೇ ಸಲ ಡಿಫರೆನ್ಷಿಯೇಟ್ ಆದ್ರೆ ಸಾಕು ಅಂದ್ರೆ ಆಗುತ್ತೆ, ಇದೇ ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ. ಗಣಿತಜ್ಞ ನ್ಯಾಶ್ 1954ರಲ್ಲಿ ದಾರಿ ತೋರಿಸಿದ್ರು, ಅವರ ಪ್ರೂಫ್‌ಗೆ ಮೇಲ್ಮೈಯ 2 ಡೈಮೆನ್ಷನ್ ಮೇಲೆ ಎರಡು ಹೆಚ್ಚುವರಿ ಡೈಮೆನ್ಷನ್ ಬೇಕಿತ್ತು, 1955ರಲ್ಲಿ ಕೈಪರ್ ಅದನ್ನ ಒಂದಕ್ಕೆ (ಅಂದ್ರೆ ಒಟ್ಟು 3ಕ್ಕೆ) ಇಳಿಸಿದ್ರು. ಆ ಮೇಲ್ಮೈಗೆ ಎರಡನೇ ಡೆರಿವೇಟಿವ್ ಇರಲ್ಲ, ಹಾಗಾಗಿ ಅತಿ ದೂರದ ಬಿಂದು ವಾದ ಅಲ್ಲಿ ಶುರುನೇ ಆಗಲ್ಲ. 2012ರಲ್ಲಿ ಫ್ರಾನ್ಸ್‌ನ ಹೆವಿಯಾ ತಂಡ ಇದರ ಚಿತ್ರ ಮಾಡಿತು: ಅಲೆ ಮೇಲೆ ಅಲೆ, ಪ್ರತಿ ಸುತ್ತಿನ ಅಲೆ ಹಿಂದಿನದಕ್ಕಿಂತ ಸಣ್ಣದು, ದಿಕ್ಕು ಬೇರೆ. ಒಂದ್ಸಲ ಹುಡುಕಿ ನೋಡಿ.

ಲಂಬರೇಖೆ:
ಇನ್ನೊಂದು ಮಾತು, ಎರಡನೇ ನಾರ್ಮಲ್‌ನಲ್ಲಿ ಬಂದ −1/ರೂಟ್ 2 ಮತ್ತು +1/ರೂಟ್ 2ರ ಮೊತ್ತ ಸೊನ್ನೆ ಇದೆಯಲ್ಲ, ಹಾಗಾಗಿ ಈ ಟೋರಸ್ ಮೂಲದಿಂದ ರೂಟ್ 2 ದೂರದ ಬಿಂದುಗಳ ಗೋಳದೊಳಗೆ (4 ಡೈಮೆನ್ಷನ್‌ನಲ್ಲಿರೋ ಈ ಗೋಳಕ್ಕೆ ತನ್ನದೇ 3 ಡೈಮೆನ್ಷನ್) ಮಿನಿಮಲ್ ಮೇಲ್ಮೈ, ಅಂದ್ರೆ ಸೋಪಿನ ಪೊರೆ ಹಾಗೆ ಎದುರುಬದುರು ಬಾಗುಗಳು ಸರಿದೂಗೋ ಮೇಲ್ಮೈ. 3 ಡೈಮೆನ್ಷನ್ ಗೋಳದಲ್ಲಿ ತನ್ನನ್ನ ತಾನೇ ಕತ್ತರಿಸದ ಮಿನಿಮಲ್ ಟೋರಸ್ ಇದೊಂದೇ ಅಂತ ಲಾಸನ್ 1970ರಲ್ಲಿ ಊಹಿಸಿದ್ರು, ಬ್ರೆಂಡಲ್ ಅದನ್ನ 2012ರಲ್ಲಿ ಸಾಧಿಸಿದ್ರು.