ರಸಾಯನಶಾಸ್ತ್ರ ಓದುತ್ತಿರುವ ಮಗಳಿಗೆ ಔಷಧ ಸಂಶೋಧನೆಯಲ್ಲಿ ನಿಜವಾದ ದಾರಿ ಇದೆಯೇ?

ಪ್ರಶ್ನೆ: ಮಸ್ಕಿಯ ತಂದೆ

ಮಾನ್ಯರೇ,

ನಾನು ಮಸ್ಕಿಯಲ್ಲಿ ಬೀಜ ಮತ್ತು ಗೊಬ್ಬರದ ಅಂಗಡಿ ನಡೆಸುತ್ತೇನೆ. ಒಂಬತ್ತು ವರ್ಷಗಳ ಹಿಂದೆ ನನ್ನ ಅಣ್ಣನಿಗೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಅಂದಿನಿಂದ ಅವರು ಪ್ರತಿದಿನ ಮಧ್ಯಾಹ್ನ ರೊಟ್ಟಿ ಉಂಡು, ದೊಡ್ಡ ಲೋಟದ ತುಂಬ ನೀರಿನೊಂದಿಗೆ 400 ಮಿಲಿಗ್ರಾಂನ ಇಮ್ಯಾಟಿನಿಬ್ ಗುಳಿಗೆ ನುಂಗುತ್ತಾರೆ. ಇಂದಿಗೂ ತಮ್ಮ ಹೊಲದ ತೊಗರಿಯನ್ನು ತಾವೇ ನೋಡಿಕೊಳ್ಳುತ್ತಾರೆ.

ನನ್ನ ಮಗಳು ರಾಯಚೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ದೊಡ್ಡಪ್ಪನ ಗುಳಿಗೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಂದು ದಿನ ಆಕೆ, "ಅಪ್ಪಾ, ಇದನ್ನು ಮಾಡಿದವರು ನಮ್ಮವರು, ಆದರೆ ಕಂಡುಹಿಡಿದವರು ಸ್ವಿಟ್ಜರ್ಲೆಂಡಿನ ಕಂಪನಿಯವರು. ನಾವು ಕಂಡುಹಿಡಿಯುವುದು ಯಾವಾಗ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಬಂಧುಗಳು ಬಿ.ಎಡ್. ಮಾಡಿಸಿ, ಕಲ್ಯಾಣ ಕರ್ನಾಟಕದ 371ಜೆ ಮೀಸಲಾತಿಯಲ್ಲಿ ಶಿಕ್ಷಕಿಯಾಗಲಿ ಎನ್ನುತ್ತಾರೆ. ಮಗಳಿಗೆ ಔಷಧ ರಸಾಯನಶಾಸ್ತ್ರದಲ್ಲಿ ಮುಂದುವರಿಯುವ ಆಸೆ. ಭಾರತವು ಔಷಧ ಸಂಶೋಧನೆಯಲ್ಲಿ ಮುಂದೆ ಬರುತ್ತಿದೆ ಎಂದು ಪತ್ರಿಕೆಗಳಲ್ಲಿ ಓದುತ್ತೇನೆ. ಅದು ಎಷ್ಟು ನಿಜ? ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಉಪನ್ಯಾಸಕ, ಕೊಪ್ಪಳ

ನಿಮ್ಮ ಅಣ್ಣನವರ ಕೈಗೆ ಆ ಗುಳಿಗೆ ಕೈಗೆಟುಕುವ ಬೆಲೆಯಲ್ಲಿ ಬಂದದ್ದರ ಹಿಂದೆ ಒಂದು ಕಾನೂನಿನ ಕತೆ ಇದೆ. 1970ರ ಪೇಟೆಂಟ್ ಕಾಯ್ದೆಯು ಔಷಧವೆಂಬ ವಸ್ತುವಿಗೆ ಪೇಟೆಂಟ್ ಕೊಡದೆ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಹೀಗಾಗಿ ಬೇರೆ ವಿಧಾನದಿಂದ ಅದೇ ಅಣುವನ್ನು ತಯಾರಿಸುವ ವಿದ್ಯೆಯನ್ನು ನಮ್ಮ ರಸಾಯನಜ್ಞರು ಮೂರು ದಶಕ ಕಲಿತರು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ 2005ರಲ್ಲಿ ವಸ್ತುವಿಗೂ ಪೇಟೆಂಟ್ ಬಂತಾದರೂ, ಹಳೆಯ ಅಣುವಿಗೆ ಹೊಸ ರೂಪ ಕೊಟ್ಟ ಮಾತ್ರಕ್ಕೆ, ಅದರ ಪರಿಣಾಮ ಹೆಚ್ಚದ ಹೊರತು, ಪೇಟೆಂಟ್ ಇಲ್ಲ ಎಂಬ 3(ಡಿ) ಕಲಮನ್ನು ಸಂಸತ್ತು ಸೇರಿಸಿತು. ಈ ಕಲಮಿನಡಿಯಲ್ಲೇ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನಿಮ್ಮ ಮಗಳು ಹೇಳಿದ ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ಅದು ಇಮ್ಯಾಟಿನಿಬ್‌ನ ಒಂದು ಹರಳು ರೂಪಕ್ಕೆ ಸಂಬಂಧಿಸಿದ ಮೊಕದ್ದಮೆ. ಕಂಪನಿಯ ಗುಳಿಗೆಗೆ ತಿಂಗಳಿಗೆ ಲಕ್ಷ ರೂಪಾಯಿಗಿಂತ ಹೆಚ್ಚು ತಗಲುತ್ತಿದ್ದಾಗ ನಮ್ಮ ಕಂಪನಿಗಳ ಗುಳಿಗೆ ಹತ್ತು ಸಾವಿರದ ಆಸುಪಾಸಿನಲ್ಲಿತ್ತು.

ಆದ್ದರಿಂದ ಬೇರೆಯವರು ಕಂಡುಹಿಡಿದದ್ದನ್ನು ಮಾಡುವುದು ಕೀಳು ಕೆಲಸವೆಂಬ ಭಾವನೆ ಮಗಳಿಗೆ ಬಾರದಿರಲಿ. 2001ರಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಅವರು ಎಚ್‌ಐವಿಯ ಮೂರು ಔಷಧಗಳ ಸಂಯೋಜನೆಯನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಕೊಡಲು ಮುಂದೆ ಬಂದಾಗ, ಅದೇ ಚಿಕಿತ್ಸೆಗೆ ಪಶ್ಚಿಮದಲ್ಲಿ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೀರಿ ತಗಲುತ್ತಿತ್ತು. ಆಫ್ರಿಕಾದಲ್ಲಿ ಎಷ್ಟು ಮನೆಗಳು ಅದರಿಂದ ಉಳಿದವು!

ಉತ್ತರ 2: ರಿಯಾಕ್ಟರ್ ಬಳಿಯವ, ರಾಯಚೂರು

ಸರ್, ನಾನು ಹದಿನಾರು ವರ್ಷಗಳಿಂದ ಮೂಲ ಔಷಧ ತಯಾರಿಕೆಯಲ್ಲಿ, ಅಂದರೆ ಗುಳಿಗೆಯೊಳಗಿನ ಔಷಧದ ಅಂಶವಾದ ಎಪಿಐ ಮಾಡುವ ಕೆಲಸದಲ್ಲಿದ್ದೇನೆ. ಈ ವಿದ್ಯೆಗಾಗಿ ದೂರ ಹೋಗಲೇಬೇಕೆಂದು ಬಹಳ ಜನ ತಿಳಿದಿದ್ದಾರೆ. ಆದರೆ 1987ರಲ್ಲಿ ಆರಂಭವಾದ ಶಿಲ್ಪಾ ಮೆಡಿಕೇರ್ ನಮ್ಮ ರಾಯಚೂರಿನದೇ ಕಂಪನಿ. ದೇವಸೂಗೂರಿನ ಕೈಗಾರಿಕಾ ಪ್ರದೇಶದಲ್ಲಿ ಕ್ಯಾನ್ಸರ್ ಔಷಧಗಳ ಎಪಿಐ ತಯಾರಾಗುತ್ತದೆ ಎಂಬುದು ನಮ್ಮೂರಿನವರಿಗೇ ಅಷ್ಟಾಗಿ ಗೊತ್ತಿಲ್ಲ.

ಉಪನ್ಯಾಸಕರು ಹೇಳಿದ "ಹರಳು ರೂಪ" ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಕೆಲಸದ ಜೀವಾಳ ಅಲ್ಲಿದೆ. ಒಂದೇ ಅಣು ಬೇರೆ ಬೇರೆ ರೀತಿಯಲ್ಲಿ ಜೋಡಿಕೊಂಡು ಬೇರೆ ಬೇರೆ ಹರಳಾಗಬಲ್ಲದು, ಹರಳು ಬದಲಾದರೆ ಅದು ಕರಗುವ ವೇಗ ಬದಲಾಗಬಹುದು. ಪ್ರಯೋಗಾಲಯದ 250 ಮಿಲಿಲೀಟರ್ ಫ್ಲಾಸ್ಕಿನಲ್ಲಿ ಬಿಳಿ ಹರಳು ಸಲೀಸಾಗಿ ಇಳಿಯುತ್ತದೆ. ಅದನ್ನೇ 3,000 ಲೀಟರಿನ ರಿಯಾಕ್ಟರಿನಲ್ಲಿ ಮಾಡಲು ಹೋದಾಗ ನಡುವಿನ ದ್ರಾವಣದ ಬಿಸಿ ಹೊರಗೆ ಬರುವುದಿಲ್ಲ, ಗೋಡೆಯ ಬಳಿ ಬೇಗ ತಣಿದು ಅಂಟಿಕೊಳ್ಳುತ್ತದೆ. ಒಮ್ಮೆ ಮೇ ತಿಂಗಳಿನಲ್ಲಿ, ಹೊರಗೆ ಬಿಸಿಲು ಉರಿಯುತ್ತಿದ್ದಾಗ, ತಂಪು ನೀರಿನ ಘಟಕ ಸೋತು ನಮ್ಮ ಒಂದು ಬ್ಯಾಚು ಬೇಗ ತಣಿಯಲಿಲ್ಲ. ಹರಳಿನೊಳಗೆ ಒಂದು ಕಲ್ಮಶ ಸಿಕ್ಕಿಹಾಕಿಕೊಂಡಿತು. ದಿನಕ್ಕೆ 2 ಗ್ರಾಂವರೆಗೆ ಸೇವಿಸುವ ಔಷಧದಲ್ಲಿ ಯಾವುದೇ ಕಲ್ಮಶ ಶೇ 0.10 ದಾಟಿದರೆ ಅದರ ರಚನೆಯನ್ನು ಗುರುತಿಸಲೇಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಎಚ್‌ಪಿಎಲ್‌ಸಿ ಎಂಬ ಶುದ್ಧತೆ ಅಳೆಯುವ ಯಂತ್ರದ ಹಾಳೆಯ ಮೇಲೆ ಮುಖ್ಯ ಶಿಖರದ ಪಕ್ಕದಲ್ಲಿ ಗೋಧಿ ಕಾಳಿನಷ್ಟು ಚಿಕ್ಕದಾಗಿ ಎದ್ದಿದ್ದ ಆ ಗುರುತಿನ ಹಿಂದೆ ನಾವು ನಾಲ್ವರು ಮೂರು ವಾರ ಓಡಾಡಿದೆವು. ಸೇರಿಸುವ ವೇಗ, ತಣಿಸುವ ವೇಗ, ಬೀಜ ಹರಳು (ಹರಳುಗಟ್ಟುವುದನ್ನು ಆರಂಭಿಸುವ ಪುಟ್ಟ ಹರಳು) ಹಾಕುವ ಉಷ್ಣತೆ, ಎಲ್ಲವನ್ನೂ ಒಂದೊಂದಾಗಿ ಬದಲಿಸಿ ನೋಡಿದ ಮೇಲೆ ಅದು ಹೋಯಿತು.

ಮಗಳು ಕೇಳಿದ "ಕಂಡುಹಿಡಿಯುವುದು" ಈ ಕೆಲಸದ ಮೇಲೆಯೇ ನಿಂತಿದೆ. ಹೊಸ ಅಣುವನ್ನು ಕಾಗದದ ಮೇಲೆ ಬರೆಯುವುದು ಒಂದು, ಅದನ್ನು ಶುದ್ಧವಾಗಿ, ಪ್ರತಿ ಸಲವೂ ಒಂದೇ ರೀತಿ, ಕಿಲೋಗಟ್ಟಲೆ ತಯಾರಿಸುವುದು ಇನ್ನೊಂದು. ಎರಡನೆಯದು ನಮ್ಮ ಕೈಗೆ ಪೂರ್ಣವಾಗಿ ಬಂದಿದೆ, ಮೊದಲನೆಯದು ಬರುತ್ತಿದೆ. 1997ರಲ್ಲಿ ಡಾ. ರೆಡ್ಡೀಸ್ ತಾನು ಕಂಡುಹಿಡಿದ ಮಧುಮೇಹದ ಅಣುವೊಂದನ್ನು ಡೆನ್ಮಾರ್ಕಿನ ನೊವೊ ನಾರ್ಡಿಸ್ಕ್‌ಗೆ ಕೊಟ್ಟಿತು. ಅದು ಮಾರುಕಟ್ಟೆಗೆ ಬರಲಿಲ್ಲ. ಆದರೆ ಕೆಲಸ ನಿಲ್ಲಲಿಲ್ಲ. 2013ರಲ್ಲಿ ಝೈಡಸ್‌ನ ಸಾರೋಗ್ಲಿಟಾಜಾರ್ ಎಂಬ, ಇಲ್ಲೇ ಕಂಡುಹಿಡಿದ ಔಷಧ ಭಾರತದಲ್ಲಿ ಒಪ್ಪಿಗೆ ಪಡೆಯಿತು. 2024ರ ಫೆಬ್ರುವರಿಯಲ್ಲಿ ಚೆನ್ನೈನ ಆರ್ಕಿಡ್ ಕಂಪನಿಯವರು ಕಂಡುಹಿಡಿದ ಎನ್‌ಮೆಟಾಜೊಬ್ಯಾಕ್ಟಮ್, ಸೆಫೆಪೈಮ್ ಎಂಬ ಪ್ರತಿಜೀವಕದ ಜೊತೆಗೆ ಸೇರಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಪಡೆಯಿತು. ಆದರೆ ಅದರ ದೊಡ್ಡ ಮಾನವ ಪ್ರಯೋಗಗಳನ್ನು ನಡೆಸಿದ್ದು ಆ ಅಣುವಿನ ಹಕ್ಕು ಪಡೆದ ಯುರೋಪಿನ ಅಲೆಕ್ರಾ ಕಂಪನಿ. ಹತ್ತು ವರ್ಷ ಲಾಭವಿಲ್ಲದೆ ಹಣ ಹಾಕಿ ಕಾಯುವ ಶಕ್ತಿ ನಮ್ಮಲ್ಲಿ ಇನ್ನೂ ಕಡಿಮೆ, ಪ್ರತಿಭೆಯದಲ್ಲ ಕೊರತೆ.

ಉತ್ತರ 3: ಬಳ್ಳಾರಿಯ ಫಾರ್ಮಸಿಸ್ಟ್

ಮೇಲಿನ ಮಾತುಗಳನ್ನು ಒಪ್ಪುತ್ತಲೇ ಒಂದು ನೋವಿನ ಸಂಗತಿಯನ್ನು ಸೇರಿಸುತ್ತೇನೆ. 2024ರ ನವೆಂಬರಿನಲ್ಲಿ ನಮ್ಮ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಶಂಕೆ ಬಂತು ಮತ್ತು ಸರ್ಕಾರ ಆ ಪೂರೈಕೆದಾರರ ದ್ರಾವಣದ ಬಳಕೆಯನ್ನು ನಿಲ್ಲಿಸಿತು. ರಿಂಗರ್ ಲ್ಯಾಕ್ಟೇಟ್ ಹೊಸ ಶೋಧವಲ್ಲ. ಉಪ್ಪು, ನೀರು, ಲ್ಯಾಕ್ಟೇಟ್ ಕೂಡಿದ, 1930ರ ದಶಕದಷ್ಟು ಹಳೆಯ ಜ್ಞಾನದ ದ್ರಾವಣ. ಎಚ್ಚರ ತಪ್ಪಿದರೆ ಅದೂ ಜೀವ ತೆಗೆಯಬಲ್ಲದು. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ನಂತರ ಕೆಮ್ಮಿನ ಸಿರಪ್ಪಿನ ಬಗ್ಗೆಯೂ ಇದೇ ಪ್ರಶ್ನೆ ಎದ್ದಿತು. ಅದಾದ ಮೇಲೆ ಸರ್ಕಾರ ಉತ್ತಮ ತಯಾರಿಕೆಯ ನಿಯಮಗಳ ಶೆಡ್ಯೂಲ್ ಎಂ ಅನ್ನು ಪರಿಷ್ಕರಿಸಿ ಬಿಗಿಗೊಳಿಸಿದೆ.

ನಿಮ್ಮ ಮಗಳು ಹೊಸ ಅಣುವಿನ ಹಾದಿ ಹಿಡಿಯಲಿ, ಬಹಳ ಸಂತೋಷ. ಒಂದು ವೇಳೆ ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯಕ್ಕೆ ಬಂದರೂ, ತಾನು ಸಂಶೋಧನೆಯಿಂದ ಕೆಳಗಿಳಿದೆ ಎಂದುಕೊಳ್ಳಬಾರದು. ಪರೀಕ್ಷೆಯಲ್ಲಿ ಬಿದ್ದ ಬ್ಯಾಚಿಗೆ ಸಹಿ ಹಾಕಲು ನಿರಾಕರಿಸುವ ಧೈರ್ಯವುಳ್ಳ ರಸಾಯನಜ್ಞರು ನಮಗೆ ಇನ್ನೂ ಬೇಕು.

ಉತ್ತರ 4: ಗಂಗಾವತಿಯ ಹುಡುಗಿ, ಈಗ ಹೈದರಾಬಾದ್

ಕಾಕಾ, ನಮಸ್ಕಾರ. ನಾನು ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಈಗ ಪಿಎಚ್.ಡಿ. ಮೂರನೇ ವರ್ಷದಲ್ಲಿದ್ದೇನೆ. ದಾರಿಯ ವಿವರ ಮಾತ್ರ ಹೇಳುತ್ತೇನೆ.

ಎಂ.ಎಸ್ಸಿ.ಗೆ ಐಐಟಿ ಜಾಮ್ ಪರೀಕ್ಷೆ ಬರೆಯಲಿ. ಸಾವಯವ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಗೇಟ್ ಅಥವಾ ನೆಟ್ ಅರ್ಹತೆ ಪಡೆದವರಿಗೆ ನೈಪರ್ ಎಂಬ ಕೇಂದ್ರ ಸರ್ಕಾರದ ಔಷಧ ಶಿಕ್ಷಣ ಸಂಸ್ಥೆಗಳ ಔಷಧ ರಸಾಯನಶಾಸ್ತ್ರದ ಬಾಗಿಲೂ ತೆರೆದಿದೆ. ಹೈದರಾಬಾದಿನ ನೈಪರ್ 2007ರಲ್ಲಿ ಆರಂಭವಾದದ್ದು ಬಾಲಾನಗರದ ಹಳೆಯ ಐಡಿಪಿಎಲ್ ಆವರಣದಲ್ಲಿ. ಸರ್ಕಾರಿ ಕಂಪನಿಯಾಗಿದ್ದ ಐಡಿಪಿಎಲ್‌ನಲ್ಲಿ ಕೆಲಸ ಕಲಿತು ಹೊರಬಂದವರಲ್ಲಿ ಡಾ. ರೆಡ್ಡೀಸ್ ಕಟ್ಟಿದ ಅಂಜಿ ರೆಡ್ಡಿಯವರೂ ಒಬ್ಬರು. ಸಿಎಸ್‌ಐಆರ್ ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ಬರುತ್ತದೆ, ಮನೆಯವರಿಗೆ ಭಾರವಾಗುವುದಿಲ್ಲ. ಆದರೆ ಆ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ. ನನಗೂ ಒಮ್ಮೆ ಐದು ತಿಂಗಳು ಬಂದಿರಲಿಲ್ಲ, ಅವ್ವ ಚಿನ್ನ ಅಡವಿಟ್ಟು ಕಳಿಸಿದರು. ದೇಶದ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ಹೋಗುವುದು ಶೇ 0.64ರಷ್ಟು ಮಾತ್ರ ಎಂದು ಪತ್ರಿಕೆಯಲ್ಲಿ ಓದುವಾಗ ನನಗೆ ಆ ಐದು ತಿಂಗಳು ನೆನಪಾಗುತ್ತವೆ.

ಆದರೂ ಬರಲಿ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರು ಕೂಡಿ ಬೆಳೆಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕ ಸುದ್ದಿ ಬಂದ ದಿನ ನಮ್ಮ ಪ್ರಯೋಗಾಲಯದಲ್ಲಿ ಯಾರೂ ಬೇಗ ಮನೆಗೆ ಹೋಗಲಿಲ್ಲ, ಅದನ್ನೇ ಮಾತಾಡುತ್ತ ಕುಳಿತೆವು. ರೋಗಿಯದೇ ರಕ್ತದ ಟಿ ಕೋಶಗಳನ್ನು ತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸುವಂತೆ ಅವುಗಳನ್ನು ಮಾರ್ಪಡಿಸಿ ಮತ್ತೆ ದೇಹಕ್ಕೆ ಸೇರಿಸುವ ಈ ಚಿಕಿತ್ಸೆಗೆ ಅಮೆರಿಕದಲ್ಲಿ ಮೂರು ಕೋಟಿಗೂ ಹೆಚ್ಚು ತಗಲಿದರೆ, ಇಲ್ಲಿ ಅದರ ಹತ್ತನೇ ಒಂದು ಭಾಗದ ಸುಮಾರು. ನಮ್ಮ ಕಡೆಯ ರೈತನಿಗೆ ಅದೂ ಹೆಚ್ಚೇ. ಇನ್ನೂ ಇಳಿಸಬೇಕಿದೆ.

ಮಸ್ಕಿಯ ತಂದೆ

ಎಲ್ಲರಿಗೂ ಕೈಮುಗಿಯುತ್ತೇನೆ. ಈ ಉತ್ತರಗಳನ್ನು ರಾತ್ರಿ ಊಟವಾದ ಮೇಲೆ ಮಗಳು ಗಟ್ಟಿಯಾಗಿ ಓದಿದಳು, ಅಣ್ಣನೂ ಪಕ್ಕದಲ್ಲಿ ಕುಳಿತು ಕೇಳಿದರು. ತಮ್ಮ ಗುಳಿಗೆಯ ಹರಳಿಗಾಗಿ ಸುಪ್ರೀಂ ಕೋರ್ಟಿನವರೆಗೆ ಮೊಕದ್ದಮೆ ನಡೆದಿತ್ತೆಂದು ಅವರಿಗೆ ಈವರೆಗೆ ತಿಳಿದಿರಲಿಲ್ಲ. ಆಕೆ ಜಾಮ್ ಪರೀಕ್ಷೆಯ ಅರ್ಜಿ ಹಾಕುತ್ತಾಳೆ. ರಾಯಚೂರಿನ ಸರ್ ಅವರಿಗೆ ಆಕೆಯದೊಂದು ಪ್ರಶ್ನೆ ಇದೆ: ಬೀಜ ಹರಳು ಹಾಕುವ ಉಷ್ಣತೆ ಸರಿಯಾಗಿದೆಯೆಂದು ರಿಯಾಕ್ಟರಿನ ಹೊರಗೆ ನಿಂತವರಿಗೆ ಹೇಗೆ ತಿಳಿಯುತ್ತದೆ?