ಹೈಬ್ರಿಡ್ ಕಾರು: ಕಂಪನಿಗೆ ಲಾಭವೋ, ಬರೀ ಹೆಸರೋ?

ಪ್ರಶ್ನೆ: ಮೇಡಂ, ನೀವು ಕಾರಿನ ವೆಚ್ಚ ಮತ್ತು ಬೆಲೆ ಲೆಕ್ಕ ಹಾಕುವ ಕೆಲಸದಲ್ಲಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಹೈಬ್ರಿಡ್ ಕಾರಿನಲ್ಲಿ ಇಂಜಿನ್ನೂ ಇರುತ್ತದೆ, ಮೋಟರೂ ಇರುತ್ತದೆ, ಮೇಲೆ ಬ್ಯಾಟರಿ ಬೇರೆ. ಇಷ್ಟೆಲ್ಲ ಹಾಕಿದ ಮೇಲೆ ಕಂಪನಿಗೆ ಏನು ಉಳಿಯುತ್ತದೆ? ಹೆಸರು ಬರಲಿ ಅಂತ ನಷ್ಟದಲ್ಲೇ ಮಾರುತ್ತಾರೆ ಎಂದು ಒಬ್ಬರು ಹೇಳಿದರು. ಹೌದಾ?

ಉತ್ತರ: ಒಂದು ಕಾಲಕ್ಕೆ ಆ ಮಾತಿಗೆ ಆಧಾರ ಇತ್ತು. ಟೊಯೋಟಾ ಕಂಪನಿಯ ಹೈಬ್ರಿಡ್ ಕಾರು ಪ್ರಿಯಸ್, ಅದರ ಮೊದಲ ಮಾದರಿ 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಬೆಲೆ 21.5 ಲಕ್ಷ ಯೆನ್. ಆ ಬೆಲೆಗೆ ಟೊಯೋಟಾಗೆ ಅಸಲೂ ಹುಟ್ಟುತ್ತಿರಲಿಲ್ಲ ಎಂಬುದು ಉದ್ಯಮದಲ್ಲಿದ್ದವರ ಅಂದಾಜು. ಈಗ ಹಾಗಿಲ್ಲ. ಹೈಬ್ರಿಡ್ ವ್ಯವಸ್ಥೆಯ ವೆಚ್ಚ ಮೊದಲ ಪ್ರಿಯಸ್ ಕಾಲದ ಆರನೇ ಒಂದು ಭಾಗಕ್ಕೆ ಇಳಿದಿದೆ, ಲಾಭದ ಪ್ರಮಾಣ ಪೆಟ್ರೋಲ್ ಕಾರಿನ ಮಟ್ಟಕ್ಕೆ ಬಂದಿದೆ ಎಂದು 2023ರಲ್ಲಿ ಟೊಯೋಟಾದವರೇ ಹೇಳಿದರು. 2024ರ ಮಾರ್ಚ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ಆ ಕಂಪನಿಯ ನಿರ್ವಹಣಾ ಲಾಭ 5 ಲಕ್ಷ ಕೋಟಿ ಯೆನ್ ದಾಟಿತು. ಅದರಲ್ಲಿ ಹೈಬ್ರಿಡ್ ಮಾರಾಟದ ಪಾಲು ದೊಡ್ಡದು.

"ಇಷ್ಟೆಲ್ಲ ಹಾಕಿದ ಮೇಲೆ" ಅಂದಿರಿ. ಹಾಕಿದ್ದು ಎಲ್ಲರಿಗೂ ಕಾಣುತ್ತದೆ, ತೆಗೆದದ್ದು ಕಾಣುವುದಿಲ್ಲ. ಟೊಯೋಟಾ ಮಾದರಿಯ ಹೈಬ್ರಿಡ್ ಬಿಚ್ಚಿ ನೋಡಿ. ಸಾಮಾನ್ಯ ಗೇರ್‌ಬಾಕ್ಸ್ ಇರುವ ಜಾಗದಲ್ಲಿ ಒಂದು ಪುಟ್ಟ ಗೇರ್ ಜೋಡಣೆ ಇರುತ್ತದೆ. ನಡುವಿನ ಗೇರಿಗೆ ಒಂದು ಮೋಟರ್. ಅದರ ಸುತ್ತ ಉರುಳುವ ಸಣ್ಣ ಗೇರುಗಳನ್ನು ಹಿಡಿದಿರುವ ಚೌಕಟ್ಟಿಗೆ ಇಂಜಿನ್. ಹೊರಗಿನ ಉಂಗುರದ ಕಡೆಗೆ ಇನ್ನೊಂದು ಮೋಟರ್ ಮತ್ತು ಚಕ್ರಗಳು. ಇಷ್ಟರಲ್ಲೇ ಕ್ಲಚ್ಚು, ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ಚಿನ ಕೆಲಸ ಮಾಡುವ ಟಾರ್ಕ್ ಕನ್ವರ್ಟರು, ಐದಾರು ಜೊತೆ ಗೇರುಗಳ ಖರ್ಚು ಉಳಿಯಿತು. ಮೊದಲ ಮೋಟರೇ ಇಂಜಿನ್ ಚಾಲೂ ಮಾಡುವುದರಿಂದ ಸ್ಟಾರ್ಟರ್ ಮೋಟರ್ ಬೇಡ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರೂ ಬೇಡ. ಅತ್ತ ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ಹೊಂದುವಂತೆ ಬದಲಿಸುವ ಇನ್ವರ್ಟರ್, ಹೈ ವೋಲ್ಟೇಜ್ ವೈರಿಂಗ್, ಬ್ಯಾಟರಿ ಸೇರುತ್ತವೆ, ಅದು ನಿಜ. ಆದರೆ ಆ ಬ್ಯಾಟರಿ ಸುಮಾರು ಒಂದು ಒಂದೂವರೆ ಕಿಲೋವಾಟ್ ಅವರ್‌ನದು, ಅಷ್ಟೇ. ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಐವತ್ತು, ಅರವತ್ತು, ಅದಕ್ಕಿಂತಲೂ ಜಾಸ್ತಿ ಬೇಕು. ದೂರ ಓಡುವ ಒಂದು ಎಲೆಕ್ಟ್ರಿಕ್ ಕಾರಿಗೆ ಹಿಡಿಯುವ ಬ್ಯಾಟರಿ ಸಾಮಗ್ರಿಯಲ್ಲಿ 90 ಹೈಬ್ರಿಡ್ ಮಾಡಬಹುದು ಎಂದು ಟೊಯೋಟಾ ಲೆಕ್ಕ ಕೊಡುತ್ತದೆ. ಅವರ ವಾದಕ್ಕೆ ಅನುಕೂಲವಾದ ಲೆಕ್ಕ ಅದು, ಗೊತ್ತು. ಆದರೂ ಬ್ಯಾಟರಿ ಖರ್ಚಿನ ಅಂತರ ಎಂಥದ್ದು ಅಂತ ತಿಳಿಯುತ್ತದೆ.

ಪ್ರಶ್ನೆ (ಅದೇ ಸದಸ್ಯರು): ವೆಚ್ಚ ಅಷ್ಟು ಇಳಿದಿದ್ದರೆ ಶೋರೂಮಿನಲ್ಲಿ ಪೆಟ್ರೋಲ್‌ಗೂ ಹೈಬ್ರಿಡ್‌ಗೂ ಅಷ್ಟೊಂದು ಅಂತರ ಯಾಕೆ ಮೇಡಂ?

ಉತ್ತರ: ಯಾಕೆಂದರೆ ಬೆಲೆ ವೆಚ್ಚದಿಂದ ಹುಟ್ಟುವುದಿಲ್ಲ. ನಮ್ಮ ಕೆಲಸದಲ್ಲಿ ಮೊದಲು ಕಲಿಯುವ ಪಾಠ ಇದು. ತಯಾರಿಸಲು ಇಷ್ಟಾಯಿತು, ಇಷ್ಟು ಲಾಭ ಸೇರಿಸೋಣ ಅಂತ ಯಾರೂ ಬೆಲೆ ಬರೆಯುವುದಿಲ್ಲ. ಪಕ್ಕದಲ್ಲಿ ನಿಂತಿರುವ ಅದೇ ಕಾರಿನ ಪೆಟ್ರೋಲ್ ಮಾದರಿಗೆ ಎಷ್ಟು, ಎದುರಾಳಿ ಎಷ್ಟಕ್ಕೆ ಕೊಡುತ್ತಿದ್ದಾನೆ, ಉಳಿಯುವ ಇಂಧನಕ್ಕೆ ಗಿರಾಕಿ ಎಷ್ಟು ಕೊಡಲು ತಯಾರಿದ್ದಾನೆ, ಇವುಗಳ ನಡುವೆ ಬೆಲೆ ಕೂರುತ್ತದೆ. ಆಮೇಲೆ ಆ ಬೆಲೆಯೊಳಗೆ ವೆಚ್ಚವನ್ನು ಹಿಡಿಸಬೇಕಾದ್ದು ಇಂಜಿನಿಯರುಗಳ ಪಾಡು.

2009ರಲ್ಲಿ ಜಪಾನಿನಲ್ಲಿ ಆದದ್ದನ್ನು ನೋಡಿ. ಪ್ರಿಯಸ್ ಆಗ 23 ಲಕ್ಷ ಯೆನ್ ಮೇಲಿತ್ತು. ಹೋಂಡಾ ತನ್ನ ಹೈಬ್ರಿಡ್ ಕಾರಾದ ಹೊಸ ಇನ್‌ಸೈಟನ್ನು 18.9 ಲಕ್ಷಕ್ಕೆ ತಂದಿತು. ಕೆಲವೇ ತಿಂಗಳಲ್ಲಿ ಟೊಯೋಟಾ ಮೂರನೇ ತಲೆಮಾರಿನ ಪ್ರಿಯಸ್ ತಂದಿತು. ಕಾರು ದೊಡ್ಡದು, ಇಂಜಿನ್ 1.5 ಲೀಟರ್‌ನಿಂದ 1.8ಕ್ಕೆ ಏರಿತ್ತು, ಬೆಲೆ ಮಾತ್ರ 20.5 ಲಕ್ಷಕ್ಕೆ ಇಳಿಯಿತು. ಅದೂ ಸಾಲದು ಅಂತ ಹಳೇ ಪ್ರಿಯಸನ್ನು ನಿಲ್ಲಿಸದೆ ಸರಿಯಾಗಿ 18.9 ಲಕ್ಷಕ್ಕೇ ಇಟ್ಟಿತು. ವೆಚ್ಚ ಒಂದೇ ದಿನದಲ್ಲಿ ಅಷ್ಟು ಇಳಿಯುತ್ತದಾ? ಇಲ್ಲ. ಎದುರಾಳಿ ಬಂದ, ಬೆಲೆ ಇಳಿಯಿತು.

ಫೋರ್ಡ್ ಮಾವೆರಿಕ್ ಪಿಕಪ್‌ನದು ಇದಕ್ಕೆ ಉಲ್ಟಾ ಕಥೆ. 2022ರ ಮಾದರಿಯಲ್ಲಿ ಹೈಬ್ರಿಡ್ಡೇ ಎಲ್ಲಕ್ಕಿಂತ ಅಗ್ಗದ ಆವೃತ್ತಿಯಾಗಿತ್ತು. ಶುರುವಿನ ಬೆಲೆ 20 ಸಾವಿರ ಡಾಲರ್ ಒಳಗೆ. ಬರೀ ಪೆಟ್ರೋಲ್ ಇಂಜಿನ್ ಬೇಕೆಂದರೆ ಮೇಲೆ ಒಂದು ಸಾವಿರದಷ್ಟು ಕೊಡಬೇಕಿತ್ತು. ಮುಂಗಡ ಬುಕಿಂಗ್ ಎಷ್ಟು ಬಂತೆಂದರೆ ಹೈಬ್ರಿಡ್ ಆರ್ಡರನ್ನೇ ನಿಲ್ಲಿಸಬೇಕಾಯಿತು. 2024ರ ಹೊತ್ತಿಗೆ ಪೆಟ್ರೋಲ್ ಮೂಲ ಮಾದರಿಯಾಗಿ, ಹೈಬ್ರಿಡ್‌ಗೆ 1,500 ಡಾಲರ್ ಹೆಚ್ಚುವರಿ ಆಯಿತು. ಅದೇ ಗಾಡಿ, ಅದೇ ತಂತ್ರಜ್ಞಾನ. ಬದಲಾದದ್ದು ಬೇಡಿಕೆ.

ಇನ್ನೊಂದು ವಿಷಯ ಗಮನಿಸಿ. ಎಷ್ಟೋ ಮಾದರಿಗಳಲ್ಲಿ ಹೈಬ್ರಿಡ್ ಕೆಳಗಿನ ವೇರಿಯಂಟ್‌ನಲ್ಲಿ ಸಿಗುವುದೇ ಇಲ್ಲ. ದೊಡ್ಡ ಸ್ಕ್ರೀನು, ಒಳ್ಳೆ ಸೀಟು, ಸನ್‌ರೂಫು ಎಲ್ಲ ಸೇರಿಸಿ ಮೇಲಿನ ವೇರಿಯಂಟ್‌ನಲ್ಲಿ ಮಾತ್ರ ಕೊಡುತ್ತಾರೆ. ನೀವು ಕಂಡ ಅಂತರದಲ್ಲಿ ಅದೂ ಸೇರಿರುತ್ತದೆ. ಕಂಪನಿಗೆ ಲಾಭ ಜಾಸ್ತಿ ಸಿಗುವುದು ಆ ಸ್ಕ್ರೀನು, ಸೀಟುಗಳಲ್ಲೇ. ಇದು ಗಿರಾಕಿಗೆ ನ್ಯಾಯವಲ್ಲ ಅಂತಲೇ ನನ್ನ ಅಭಿಪ್ರಾಯ. ಇಂಧನ ಉಳಿಸಬೇಕು ಅನ್ನುವವನಿಗೆ ಸನ್‌ರೂಫ್ ಕಟ್ಟಿ ಕೊಡಬಾರದು.

ಪ್ರಶ್ನೆ (ಇನ್ನೊಬ್ಬರು): ಮೇಡಂ, ಯುರೋಪಿನಲ್ಲಿ ದಂಡ ತಪ್ಪಿಸಿಕೊಳ್ಳಲು ಹೈಬ್ರಿಡ್ ಮಾಡುತ್ತಾರೆ ಅಂತಾರಲ್ಲ, ಅದು ಲಾಭದ ಲೆಕ್ಕಕ್ಕೆ ಬರುತ್ತದಾ?

ಉತ್ತರ: ಖಂಡಿತ ಬರುತ್ತದೆ, ಕಾರಿನ ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ ಅಷ್ಟೇ. ಐರೋಪ್ಯ ಒಕ್ಕೂಟದಲ್ಲಿ ಕಂಪನಿಯ ಎಲ್ಲ ಹೊಸ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್, ಕಿಲೋಮೀಟರಿಗೆ ಇಷ್ಟು ಗ್ರಾಂ ಎಂಬ ಗುರಿ ಮೀರಿದರೆ, ಮೀರಿದ ಪ್ರತಿ ಗ್ರಾಮಿಗೆ, ಮಾರಿದ ಪ್ರತಿ ಕಾರಿಗೆ 95 ಯೂರೋ ದಂಡ. ಹತ್ತು ಲಕ್ಷ ಕಾರು ಮಾರುವ ಕಂಪನಿ ಮೂರೇ ಮೂರು ಗ್ರಾಂ ಮೀರಿತು ಅಂದುಕೊಳ್ಳಿ, 28.5 ಕೋಟಿ ಯೂರೋ ಕಟ್ಟಬೇಕು. ಹಾಗಾಗಿ ಒಂದು ಹೈಬ್ರಿಡ್‌ನಲ್ಲಿ ಲಾಭ ಕಡಿಮೆ ಕಂಡರೂ, ಅದು ಸರಾಸರಿಯನ್ನು ಇಳಿಸಿ ಪಕ್ಕದ ದೊಡ್ಡ ಎಸ್‌ಯುವಿಯನ್ನು ಮಾರಲು ದಾರಿ ಮಾಡಿಕೊಡುತ್ತದೆ. ಬರೀ ಆ ಒಂದು ಕಾರಿನ ಲೆಕ್ಕ ನೋಡಿ ಲಾಭ ನಷ್ಟ ತೀರ್ಮಾನಿಸಿದರೆ ತಪ್ಪಾಗುತ್ತದೆ.

ಪ್ರಶ್ನೆ (ಮತ್ತೊಬ್ಬರು): ಇಷ್ಟು ಲಾಭ ಇದ್ದರೆ ಎಲ್ಲರೂ ಯಾಕೆ ಮಾಡಲಿಲ್ಲ? ಪೇಟೆಂಟ್ ತೊಂದರೆಯಾ?

ಉತ್ತರ: ಪೇಟೆಂಟ್ ಒಂದು ಕಾಲಕ್ಕೆ ತೊಡಕಾಗಿತ್ತು. 2019ರಲ್ಲಿ ಟೊಯೋಟಾ ಸುಮಾರು 24 ಸಾವಿರ ಪೇಟೆಂಟ್‌ಗಳನ್ನು ಶುಲ್ಕವಿಲ್ಲದೆ ಬಳಸಲು ಬಿಟ್ಟಿತು. ಅಷ್ಟಾದರೂ ಎಲ್ಲರೂ ಮುಗಿಬೀಳಲಿಲ್ಲ, ಏಕೆಂದರೆ ನಿಜವಾದ ಅಡ್ಡಿ ಸಂಖ್ಯೆ. ಮೋಟರು, ಇನ್ವರ್ಟರ್‌ಗಳಿಗೆ ಹಾಕಿದ ಬಂಡವಾಳ ಲಕ್ಷಗಟ್ಟಲೆ ಕಾರುಗಳ ಮೇಲೆ ಹರಡಬೇಕು. ಹರಡದಿದ್ದರೆ ಏನಾಗುತ್ತದೆ? ಜನರಲ್ ಮೋಟರ್ಸ್, ಡೈಮ್ಲರ್, ಕ್ರೈಸ್ಲರ್, ಬಿಎಂಡಬ್ಲ್ಯು ಸೇರಿ 'ಟೂ ಮೋಡ್' ಎಂಬ ಹೈಬ್ರಿಡ್ ಕಟ್ಟಿದವು. ಇಂಜಿನಿಯರಿಂಗ್ ಅದ್ಭುತ. ಆದರೆ ಎರಡು ಮೋಟರ್ ಜೊತೆಗೆ ನಾಲ್ಕು ಸ್ಥಿರ ಗೇರುಗಳೂ ಇದ್ದವು, ಅಂದರೆ ತೆಗೆದು ಉಳಿಸುವ ಬದಲು ಸೇರಿಸುತ್ತಲೇ ಹೋದರು. 2008ರಲ್ಲಿ ಬಂದ ಜನರಲ್ ಮೋಟರ್ಸ್‌ನ ದೊಡ್ಡ ಎಸ್‌ಯುವಿ ಟಾಹೋ ಹೈಬ್ರಿಡ್ ಬೆಲೆ 50 ಸಾವಿರ ಡಾಲರ್ ದಾಟಿತ್ತು. ಕ್ರೈಸ್ಲರ್ ತನ್ನ ಆಸ್ಪೆನ್ ಹೈಬ್ರಿಡ್ಡನ್ನು ಕೆಲವೇ ತಿಂಗಳಲ್ಲಿ ನಿಲ್ಲಿಸಿತು. ನನಗೆ ಅದನ್ನು ನೆನೆದರೆ ಇವತ್ತಿಗೂ ಬೇಸರ. ಅಷ್ಟು ಒಳ್ಳೆಯ ಕೆಲಸ ಸಂಖ್ಯೆ ಸಿಗದೆ ಸತ್ತಿತು.

ಪ್ರಶ್ನೆ (ಅದೇ ಸದಸ್ಯರು): ಎಲೆಕ್ಟ್ರಿಕ್‌ನಲ್ಲಿ ಕಳೆದುಕೊಂಡದ್ದನ್ನು ಹೈಬ್ರಿಡ್‌ನಲ್ಲಿ ವಸೂಲಿ ಮಾಡುತ್ತಿದ್ದಾರಾ?

ಉತ್ತರ: ಕೆಲವರ ಮಟ್ಟಿಗೆ ಹೌದು. ಫೋರ್ಡ್‌ನ ಎಲೆಕ್ಟ್ರಿಕ್ ವಿಭಾಗ 2024ರಲ್ಲಿ 500 ಕೋಟಿ ಡಾಲರ್‌ಗೂ ಮೇಲೆ ನಷ್ಟ ತೋರಿಸಿತು. ಆ ಹೊರೆ ಹೊರುವುದು ಪೆಟ್ರೋಲ್, ಹೈಬ್ರಿಡ್ ಮತ್ತು ವ್ಯಾಪಾರಿ ವಾಹನಗಳು.

ಪ್ರಶ್ನೆ (ಮೊದಲ ಸದಸ್ಯರು): ಕೊನೆಯದು ಮೇಡಂ. ಮುಂದೆ ಅಂತರ ಇಳಿಯುತ್ತದಾ, ಕಾಯಲಾ?

ಉತ್ತರ: ಕೆಲವು ಕಡೆ ಅಂತರ ಅನ್ನುವುದೇ ಇಲ್ಲವಾಗುತ್ತಿದೆ. ಅಮೆರಿಕದಲ್ಲಿ 2025ರ ಮಾದರಿಯಿಂದ ಟೊಯೋಟಾ ಕ್ಯಾಮ್ರಿ ಕಾರು ಹೈಬ್ರಿಡ್ ಆಗಿ ಮಾತ್ರ ಸಿಗುತ್ತದೆ. ಪಕ್ಕದಲ್ಲಿ ಪೆಟ್ರೋಲ್ ಮಾದರಿಯೇ ಇಲ್ಲದಿದ್ದರೆ ಯಾವುದರ ಜೊತೆ ಹೋಲಿಸುತ್ತೀರಿ? ಅಲ್ಲಿ ಕಂಪನಿಗೆ ಎರಡು ಲಾಭ: ಒಂದೇ ಬಗೆಯ ಗಾಡಿ ಕಟ್ಟಬಹುದು, "ಇದಕ್ಕೆ ಯಾಕೆ ಜಾಸ್ತಿ" ಎಂಬ ಪ್ರಶ್ನೆಯೂ ಇಲ್ಲ.

ಎರಡೂ ಸಿಗುವ ಕಡೆ ದುಡ್ಡಿನ ಬದಲು ಲೀಟರಿನಲ್ಲಿ ಯೋಚಿಸಿ. ನೂರು ಕಿಲೋಮೀಟರಿಗೆ ಪೆಟ್ರೋಲ್ ಕಾರು 7 ಲೀಟರ್, ಹೈಬ್ರಿಡ್ 4.5 ಲೀಟರ್ ಕುಡಿಯುತ್ತದೆ ಅಂದುಕೊಳ್ಳಿ. ವರ್ಷಕ್ಕೆ 15 ಸಾವಿರ ಕಿಲೋಮೀಟರ್ ಓಡಿಸಿದರೆ 375 ಲೀಟರ್ ಉಳಿಯಿತು, ಐದು ವರ್ಷಕ್ಕೆ 1,875. ಒಂದೇ ಸೌಲಭ್ಯ ಇರುವ ಎರಡು ವೇರಿಯಂಟ್ ಹಿಡಿದು ಬೆಲೆಯ ವ್ಯತ್ಯಾಸ ನೋಡಿ. ಅದು 1,875 ಲೀಟರಿನ ಬೆಲೆಗಿಂತ ಕಡಿಮೆ ಇದ್ದರೆ ಸುಮ್ನೆ ಕಾಯಬೇಡಿ, ತಗೊಳ್ಳಿ. ನಿಮ್ಮ ಓಡಾಟ ಇದರ ಅರ್ಧ ಇದ್ದರೆ ಲೀಟರೂ ಅರ್ಧ ಮಾಡಿ ನೋಡಿ. ಹೆದ್ದಾರಿಯಲ್ಲೇ ಜಾಸ್ತಿ ಓಡಿಸುವವರಾದರೆ ಇನ್ನೂ ಕಡಿಮೆ ಹಿಡಿಯಿರಿ, ಬ್ರೇಕ್ ಹಾಕಿದಾಗ ಮೋಟರ್ ಮೂಲಕ ಬ್ಯಾಟರಿಗೆ ವಾಪಸ್ ಸಿಗುವ ಶಕ್ತಿ ಅಲ್ಲಿ ಅಷ್ಟಾಗಿ ಇರುವುದಿಲ್ಲ.